ಬಿ ಟೀಮಿನ ಕಾಕ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಡಗಾಲಿನದಕ್ಕೂ ಇರಲಿಲ್ಲವೇನೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಒಣ ಖರ್ಜೂರದಂತೆ ಸುಕ್ಕಾದ ಆ ಬೆರಳು ಚಪ್ಪಲಿಯಿಂದ ಹೊರಗೆ ಇಣುಕುತ್ತಿತ್ತು. "ಬರಿಗಾಲಲ್ಲಿ ಆಡಿದ್ದಕ್ಕೆ ಸಿಕ್ಕಿದ ಮೆಡಲು" ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ನಾನು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮಸ್ಕತ್ತಿನ ಕಟ್ಟಡ ಕಂಪನಿಯೊಂದರ ಆಫೀಸು ಸೇರಿದ್ದೆ. ಅವರು ಅದೇ ಕಂಪನಿಯ ಸೀಬ್ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್. ಉಳ್ಳಾಲದ ಕಡೆಯ ಬ್ಯಾರಿ, ಎಲ್ಲರಿಗೂ ಕಾಕ. ಕಂಪನಿಗೆ ಎರಡು ಫುಟ್‌ಬಾಲ್ ಟೀಮುಗಳಿದ್ದವು. ಬೂಟು ಹಾಕುವ ಆಫೀಸಿನವರದು ಎ. ಕ್ಯಾಂಪಿನ ಗಾರೆಯವರು, ವೆಲ್ಡರುಗಳು, ಅಡುಗೆಯವರು ಸೇರಿದ್ದು ಬಿ. ಅದನ್ನು ಕಟ್ಟಿದವರು ಕಾಕ. ಅಲ್ಲಿ ಒಬ್ಬ ಚೆನ್ನಾಗಿ ಆಡಿದನೆಂದರೆ ನಾವು ಅವನನ್ನು ಎ ಟೀಮಿಗೆ ಎಳೆದುಕೊಳ್ಳುತ್ತಿದ್ದೆವು. ಅವನು ಬಿಟ್ಟ ಜೆರ್ಸಿಯನ್ನು ಕಾಕ ತಾವೇ ಒಗೆದು, ಮಡಚಿ ಹಾಸಿಗೆಯಡಿ ಇಟ್ಟು ಸುಕ್ಕು ತೆಗೆದು, ಮುಂದಿನವನಿಗೆ ಕೊಡುತ್ತಿದ್ದರು.

"ಬೇಜಾರಾಗುದಿಲ್ವಾ ಕಾಕ?" ಎಂದು ಒಮ್ಮೆ ಕೇಳಿದ್ದೆ.

"ಮಗಳನ್ನು ಕೊಟ್ಟ ಮನೆಯವ ಅಳ್ತಾ ಕೂತ್ರೆ ಬಂದವರಿಗೆ ಊಟ ಹಾಕುದು ಯಾರು ಮಾರಾಯ?"

ಅವರಿಗೆ ಈ ಬಿ ಟೀಮಿನ ವಿದ್ಯೆ ಕಲಿಸಿದವನು ಒಂದು ವರ್ಷ ಸೈಟಿನಲ್ಲಿದ್ದ ಸ್ಪೇನಿನ ಫೋರ್‌ಮನ್. ಅವನ ಊರಿನ ದೊಡ್ಡ ಕ್ಲಬ್ಬಿಗೊಂದು ಬಿ ಟೀಮಿತ್ತು. ಕಾಕ ಹೇಳುತ್ತಿದ್ದರು: "ಅಲ್ಲಿ ಬಿ ಟೀಮಿನವರು ಬೆಂಚು ಕಾಯುದಿಲ್ಲ. ಅವರಿಗೆ ಬೇರೆಯೇ ಲೀಗ್ ಉಂಟು. ಅದ್ರಲ್ಲಿ ಫಸ್ಟ್ ಬಂದ್ರೂ ಅಣ್ಣ, ಅಂದ್ರೆ ಎ ಟೀಮು, ಇರುವ ದರ್ಜೆಗೆ ಹತ್ತುವ ಹಾಗಿಲ್ಲ. ಆದ್ರೆ ಕಪ್ಪಿನಲ್ಲಿ ಅಣ್ಣತಮ್ಮ ಎದುರುಬದುರು!" ಆ ತಮ್ಮ ಒಂದು ಸಲ ಮೇಲಿನ ದರ್ಜೆಯ ನಾಲ್ಕು ಟೀಮುಗಳನ್ನು ಹೊಡೆದು, ಫೈನಲಿನಲ್ಲಿ ಸ್ವಂತ ಅಣ್ಣನ ಎದುರೇ ನಿಂತನಂತೆ. ಸಾಕ್ಷಿಯಾಗಿ ಫೋರ್‌ಮನ್ ಕೊಟ್ಟ ಪತ್ರಿಕೆಯ ಚಿತ್ರವೊಂದಿತ್ತು. ಎರಡೂ ಟೀಮಿನವರು ಒಂದೇ ಕಪ್ಪಿನ ಸುತ್ತ ನಗುತ್ತ ನಿಂತಿದ್ದಾರೆ. ಕೆಳಗಿನ ಸ್ಪ್ಯಾನಿಷ್ ಅಕ್ಷರಗಳನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆ ವರ್ಷ ಮಸ್ಕತ್ತಿನಲ್ಲಿದ್ದ ನಮ್ಮ ಊರಿನವರು ಸೇರಿ ಒಂದು ಟೂರ್ನಮೆಂಟ್ ಇಟ್ಟರು. ಕಾಕ ಬಿ ಟೀಮಿನ ಹೆಸರನ್ನೂ ಕೊಟ್ಟರು. ಮಸ್ಕತ್ತಿನ ಅಲ್ ಖುವೈರಿನ ಒಂದು ಫ್ಲಾಟಿನಲ್ಲಿ ಕಮಿಟಿ ಕೂತಿತು. ಎ ಟೀಮಿನ ಪರವಾಗಿ ನಾನೂ ಹೋಗಿದ್ದೆ. ಅಧ್ಯಕ್ಷರು ತಲೆ ಅಲ್ಲಾಡಿಸಿದರು. "ಒಂದೇ ಕಂಪನಿಯ ಎರಡು ಟೀಮಾ? ಎದುರಾದ್ರೆ ಒಬ್ಬರಿಗೊಬ್ಬರು ಬಿಟ್ಟುಕೊಡುದಿಲ್ಲ ಅಂತ ಏನು ಗ್ಯಾರಂಟಿ?"

ಕಾಕ ಆ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿದರು. "ಸ್ಪೇನಿನಲ್ಲಿ ಆಗ್ತದೆ, ಇಲ್ಲಿ ಯಾಕೆ ಆಗುದಿಲ್ಲ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವು ಓದಿದವರು. ಇದು ಹೌದಾ?"

"ಸಾಧ್ಯವೇ ಇಲ್ಲ," ಎಂದೆ. "ಫೈನಲ್ ಸೋತವರು ಹೀಗೆ ನಗ್ತಾರಾ? ಯಾವುದೋ ಪ್ರದರ್ಶನ ಪಂದ್ಯದ ಫೋಟೋ ಇರ್ಬೇಕು."

ಎಲ್ಲರೂ ನಕ್ಕರು. ಬಿ ಟೀಮಿನ ಹೆಸರನ್ನು ಹೊಡೆದುಹಾಕಿದರು. ಕಾಕ ಚಿತ್ರವನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಜೇಬಿಗೆ ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲ."

ಅಷ್ಟಕ್ಕೇ ಬಿ ಟೀಮು ಖಲಾಸ್. ಆಡಲು ಕಪ್ಪಿಲ್ಲದ ಹುಡುಗರು ಒಬ್ಬೊಬ್ಬರಾಗಿ ಮೈದಾನಕ್ಕೆ ಬರುವುದನ್ನು ಬಿಟ್ಟರು. ಚೆಂಡು ಸ್ಟೋರಿನ ಕಪಾಟಿನಲ್ಲಿ ಪೈಪುಗಳ ನಡುವೆ ಗಾಳಿ ಕಳೆದುಕೊಂಡು ಬಿದ್ದಿತ್ತು. ಎರಡು ವರ್ಷದ ಮೇಲೆ ಕಾಕ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ನಾನು ಹೋಗಲಿಲ್ಲ. ಕೆಲಸವಿತ್ತು ಎಂದು ನೆನಪು.

ತೊಂಬತ್ತರ ದಶಕದಲ್ಲಿ ನಮ್ಮ ಆಫೀಸಿಗೆ ಸ್ಪೇನಿನ ಇಂಜಿನಿಯರ್ ಒಬ್ಬರು ಬಂದರು. ಊಟದ ಹೊತ್ತಿನಲ್ಲಿ ಅಣ್ಣತಮ್ಮನ ಆ ಫೈನಲಿನ ಬಗ್ಗೆ ಸುಮ್ಮನೆ ಕೇಳಿದೆ. ಅವರು ಚಮಚ ಕೆಳಗಿಟ್ಟು ನಕ್ಕರು. ನಡೆದದ್ದು ನಿಜ. ತಮ್ಮನ ಟೀಮು ಆರು-ಒಂದರಿಂದ ಸೋತಿತು. ಆಮೇಲೆ ಎರಡೂ ಟೀಮು ಒಟ್ಟಿಗೆ ಸಂಭ್ರಮಿಸಿದವು. ಈಗ ಮಾತ್ರ ಬಿ ಟೀಮುಗಳನ್ನು ಆ ಕಪ್ಪಿಗೆ ಸೇರಿಸುವುದಿಲ್ಲ ಎಂದೂ ಹೇಳಿದರು. ಈ ಕೊನೆಯ ಮಾತನ್ನು ನಾನು ಕೆಲವು ದಿನ ಗಟ್ಟಿಯಾಗಿ ಹಿಡಿದುಕೊಂಡೆ: ಹಾಗಾದರೆ ನಮ್ಮ ಕಮಿಟಿಯದೂ ತಪ್ಪಲ್ಲವಲ್ಲ!

ಇನ್ನೊಂದು ವಿಷಯ ಮಾತ್ರ ಚುಚ್ಚುತ್ತಿತ್ತು. ಎ ಟೀಮಿನ ಲೆಫ್ಟ್ ಬ್ಯಾಕ್ ನಾನೇ. ಒಂದು ಶುಕ್ರವಾರ ಅಭ್ಯಾಸದ ಪಂದ್ಯದಲ್ಲಿ ಬಿ ಟೀಮು ನಮ್ಮನ್ನು ಸೋಲಿಸಿತ್ತು. ಎರಡೂ ಗೋಲು ನನ್ನ ಕಡೆಯಿಂದಲೇ ಹೋಗಿದ್ದವು. ಅದು ಮೀಟಿಂಗಿಗೆ ಮೊದಲೋ, ನಂತರವೋ? ನಂತರ ಎಂದೇ ಬಹಳ ವರ್ಷ ನಂಬಿದ್ದೆ.

ಬಿ ಟೀಮಿನ ಗೋಲ್‌ಕೀಪರ್ ಆಗಿದ್ದವನು ಆಗ ಮಸ್ಕತ್ತಿನ ಆಚೆಯ ಅಲ್ ಅಮೇರಾತಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಕಾಕನ ವಿಳಾಸ ಕೇಳಲು ಹೋದೆ.

"ಕಾಕ ತೀರಿಹೋಗಿ ವರ್ಷ ಆಯ್ತಲ್ಲ ಸಾರ್," ಎಂದ.

ಆ ಸ್ಪೇನಿನ ಕಥೆ ನಿಜವಂತೆ ಎಂದೆ.

"ನಮಗೆ ಗೊತ್ತಿತ್ತು," ಎಂದು ಅವನು ಸೂಜಿಗೆ ದಾರ ಪೋಣಿಸಿದ. "ನೀವು ಯಾಕೆ ಹಾಗೆ ಹೇಳಿದ್ದು ಅಂತಲೂ ಗೊತ್ತಿತ್ತು. ಮೀಟಿಂಗಿನ ಹಿಂದಿನ ಶುಕ್ರವಾರವೇ ಅಲ್ವಾ ನಿಮ್ಮ ಬದಿಯಿಂದ ನಾವು ಎರಡು ಗೋಲು ಹೊಡೆದದ್ದು? ಕಮಿಟಿಗೆ ಹೋಗಿ ಹೇಳ್ತೇವೆ ಅಂತ ನಾವು ಹೊರಟಿದ್ದೆವು. ಕಾಕ ಬಿಡ್ಲಿಲ್ಲ."

"ಯಾಕೆ?"

"'ಬೇಡ ಮಕ್ಕಳೇ, ಅವ ಓದಿದವ, ನಾಲ್ಕು ಜನರ ಎದುರು ಮುಖ ಎತ್ತಿ ನಡೀಬೇಕು' ಅಂದ್ರು."