ಎರಡು ಗಂಟಿನ ಬೇವಿನ ಮರ

ಮೂವತ್ತರ ಹೊತ್ತಿಗೆ ಕಣ್ಣು ಹೋದರೂ ದುರುಗಪ್ಪ ಕಾನಹೊಸಹಳ್ಳಿ ಸಂತೆ ತಪ್ಪಿಸಿದವನಲ್ಲ. ಕತ್ತಾಳೆ ನಾರಿನಿಂದ ಅವನು ಹೊಸೆದ ಹಗ್ಗಕ್ಕೆ ರೈತರು ಕಾದು ನಿಲ್ಲುತ್ತಿದ್ದರು. ಅವನಿಗೆ ಮಾತ್ರ ಹಗ್ಗಕ್ಕಿಂತ ಹೆಚ್ಚಿನ ಹೆಮ್ಮೆ ಇನ್ನೊಂದಿತ್ತು. ಯಾರ ಕೈಯನ್ನೂ ಹಿಡಿಯದೆ, ಹೆಗಲ ಮೇಲೆ ಹಗ್ಗದ ಹೊರೆ ಹೊತ್ತು, ಮನೆಯಿಂದ ಬಸ್ಸಿನವರೆಗೆ ಒಬ್ಬನೇ ನಡೆದುಹೋಗುತ್ತಿದ್ದ.

ಅದಕ್ಕೆ ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ದಾರಿಯಲ್ಲಿ ಮೂರು ಕಡೆ, ಸೊಂಟದ ಎತ್ತರಕ್ಕೆ, ಹಗ್ಗದ ತುಂಡು ಕಟ್ಟಿದ್ದ. ಲೈಟುಕಂಬದ ಹಗ್ಗಕ್ಕೆ ಒಂದು ಗಂಟು, ಅಂದರೆ ನೆಟ್ಟಗೆ ನಡೆ. ಬೇವಿನ ಮರದ್ದಕ್ಕೆ ಎರಡು, ಎಡಕ್ಕೆ ಹೊರಳು. ಬಸ್ಸು ನಿಲ್ಲುವ ಕಡೆಯ ಕಲ್ಲಿಗೆ ಮೂರು, ಅಲ್ಲೇ ನಿಲ್ಲು. ಆ ದಾರಿಯ ಎರಡೂ ಬದಿಗೆ ಅಡ್ಡಾದಿಡ್ಡಿಯಾಗಿ ಹತ್ತಾರು ಬೇವಿನ ಮರಗಳು. ಹೊರಳಬೇಕಾದ ಮರ ತಪ್ಪಿದರೆ ಮುಂದೆ ನೇರ ಹೆದ್ದಾರಿ. ಎಂಟು ವರ್ಷ ಅವನ ಬೆರಳು ಒಮ್ಮೆಯೂ ತಪ್ಪಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಊರಿನ ಗಾದೆಪ್ಪನ ಎಮ್ಮೆ ಕಾಣೆಯಾಯಿತು. ಹುಡುಕಿ ಸುಸ್ತಾದವನು ಅದೇ ಬೇವಿನ ನೆರಳಿಗೆ ಕೂತ. ಹಗ್ಗ ಕಣ್ಣಿಗೆ ಬಿತ್ತು. ಯಾರದೋ ಹರಕೆ ಇರಬೇಕೆಂದು ಪಂಚೆಯ ಅಂಚು ಹರಿದು ತಾನೂ ಒಂದು ಗಂಟು ಕಟ್ಟಿದ. ಸಂಜೆಗೆ ಎಮ್ಮೆ ಮನೆಯಲ್ಲಿತ್ತು. ಸಂಜೆಯಾದರೆ ಎಮ್ಮೆ ಮನೆಗೆ ಬರುವುದೇನು ಪವಾಡ! ಆದರೆ ಊರಿಗೆ ಅದನ್ನು ಹೇಳುವವರು ಯಾರು? ಮುಂದಿನ ಸಂತೆಯೊಳಗೆ ಮರದ ತುಂಬ ಬಟ್ಟೆ, ಬಳೆ, ದಾರ. ಅಲ್ಲಿ ಜಾಗ ಸಾಲದೆ ಪಕ್ಕದ ಮರಗಳಿಗೂ ಕಟ್ಟಿದರು.

ಆ ಸಂತೆಯ ದಿನ ದುರುಗಪ್ಪ ಮರ ತಡವಿದ. ಗಂಟಿನ ಮೇಲೆ ಗಂಟು, ಕೈಗೆ ಅರಿಷಿಣದ ಜಿಗುಟು. ಇದಲ್ಲವೆಂದು ಮುಂದಿನ ಮರಕ್ಕೆ ಹೋದ. ಅಲ್ಲೂ ಅದೇ. ಎರಡೇ ಗಂಟಿನ ಮರ ಹುಡುಕುತ್ತ ಹೋದವನ ಅಂಗಾಲಿಗೆ ಟಾರಿನ ಬಿಸಿ ತಾಗುವುದಕ್ಕೂ ಲಾರಿಯೊಂದು ಕಿರ್ರೆಂದು ಬ್ರೇಕು ಹಾಕುವುದಕ್ಕೂ ಸರಿಹೋಯಿತು. ಜೀವ ಉಳಿಯಿತು. ಹಗ್ಗದ ಹೊರೆ ರಸ್ತೆ ತುಂಬ ಚೆಲ್ಲಿತು.

ಮರುದಿನವೇ ಪಂಚಾಯಿತಿ ಮೆಂಬರ್ ಪಾಲಾಕ್ಷಪ್ಪನ ಮನೆಗೆ ಹೋದ.

"ಅದು ದೇವ್ರಲ್ರಿ ಗೌಡ್ರ, ನನ್ನ ಗುರುತು. ಬಿಚ್ಚಿಸಿ ಕೊಡ್ರಿ."

"ಮಂದಿ ಹರಕಿ ಬಿಚ್ಚಿದ್ರ ನನ್ನ ಊರಾಗ ಇರಗೊಡ್ತಾರೇನಲೇ? ಚಿಂತಿ ಮಾಡಬ್ಯಾಡ, ನಿನಗೊಂದು ಬೋರ್ಡ್ ಬರಸ್ತೀನಿ."

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಹಳದಿ ತಗಡಿನ ಮೇಲೆ ಮೊಳದುದ್ದದ ಕಪ್ಪು ಅಕ್ಷರ, 'ಬಸ್ಸಿಗೆ ದಾರಿ' ಎಂದು, ಕೆಳಗೊಂದು ಬಾಣದ ಗುರುತು. ದುರುಗಪ್ಪ ಅದರ ಮೇಲೆಲ್ಲ ಕೈಯಾಡಿಸಿದ. ತಗಡು ನುಣ್ಣಗಿತ್ತು. ಊರವರು ಚಪ್ಪಾಳೆ ತಟ್ಟಿದರು.

ಅವನು ಸೋಲಲಿಲ್ಲ. ಮರದ ಸಹವಾಸವೇ ಬೇಡವೆಂದು ತಿರುವಿನಲ್ಲಿ ಗೂಟ ನೆಟ್ಟು ಅದಕ್ಕೆ ಎರಡು ಗಂಟಿನ ಹಗ್ಗ ಕಟ್ಟಿದ. ವಾರ ತುಂಬುವುದರೊಳಗೆ ಗೂಟಕ್ಕೂ ಕುಂಕುಮ ಬಿತ್ತು. ಕುರುಡನ ಕೈಯಲ್ಲಿ ದೇವರೇ ಕಟ್ಟಿಸುತ್ತಿದ್ದಾನೆ ಎಂದರು. ಬಿಚ್ಚಲು ಹೋದರೆ ಹೆಂಗಸರು ಬಾಯಿ ಬಡಿದುಕೊಂಡರು. ಇವರ ಭಕ್ತಿಗಿಷ್ಟು ಬೆಂಕಿ ಹಾಕ! ಅವನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಿತ್ತು? ಅವನಿಗೆ ಕೇಡು ಬಯಸಿದವರು ಅಲ್ಲಿ ಒಬ್ಬರೂ ಇರಲಿಲ್ಲ.

ಅಲ್ಲಿಂದ ಮುಂದೆ ಹೆಂಡತಿ ಚೌಡಕ್ಕನ ಸೆರಗು ಹಿಡಿದೇ ಸಂತೆಗೆ ಹೋಗತೊಡಗಿದ.

ಒಂದು ಬೆಳಿಗ್ಗೆ ಚೌಡಕ್ಕ ಹೊಸ ಹಗ್ಗದ ತುಂಡೊಂದನ್ನು ಅವನ ಕೈಗಿಟ್ಟಳು.

"ಗಟ್ಟಿಯಾಗಿ ಗಂಟು ಹಾಕಿ ಕೊಡ್ರಿ. ನಿಮ್ಮ ಕೈಲೇ ಹಾಕಬೇಕಂತ."

"ಯಾತಕ್ಕ?"

"ಬೇವಿನ ಮರಕ್ಕ. ನೀವು ಮೊದಲಿನಂಗ ಒಬ್ರೇ ಸಂತಿಗೆ ಹೋಗೋವಂಗ ಆಗ್ಲಿ ಅಂತ ಹರಕಿ ಹೊತ್ತೀನಿ."

"ಅದು ನನ್ನ ಗುರುತಂತ ನಿನಗ ಗೊತ್ತಿಲ್ಲೇನ?"

"ಗೊತ್ತೈತ್ರಿ. ಆದ್ರ ಈಗ ಅಲ್ಲಿ ದೇವ್ರು ಬಂದು ಕುಂತೈತಿ. ಕೇಳ್ಕೊಂಡ್ರ ಕೊಡ್ತೈತಿ."

ಅವಳ ದನಿಯಲ್ಲಿ ಅಳುವಿತ್ತು. ದುರುಗಪ್ಪ ಹಗ್ಗವನ್ನು ತುದಿಯಿಂದ ತುದಿಗೆ ಬೆರಳಲ್ಲಿ ತಡವಿದ. ಆಮೇಲೆ ಎರಡು ಗಂಟು ಹಾಕಿ ಅವಳಿಗೆ ಕೊಟ್ಟ.