ಕಿಟಕಿಗೆ ಕಟ್ಟಿದ ಫೋನು

ಮೊನ್ನೆ ರಾಯಕೋಟೆಯಿಂದ ಬಂದ ಗುಜರಿ ಮೂಟೆ ಬಿಚ್ಚಿದಾಗ ಒಂದು ಹಳೇ ಬಟನ್ ಫೋನು ಸಿಕ್ಕಿತು. ಹಸಿರು ಉಲ್ಲನ್ನಿನ ಚೀಲ, ಅದಕ್ಕೊಂದು ಉದ್ದನೆಯ ದಾರ. ಬ್ಯಾಟರಿ ಉಬ್ಬಿತ್ತು. ಹಳೇ ಫೋನು ಕೊಳ್ಳುವವರು ಮೊದಲು ಹಿಂದಿನ ಮುಚ್ಚಳ ತೆಗೆದು ನೋಡಿ, ಇದು ನನ್ನ ಬುದ್ಧಿಮಾತು. ಆದರೆ ಅವತ್ತು ನಾನು ನೋಡುತ್ತ ಕೂತದ್ದು ಆ ದಾರವನ್ನು... ಹಿಂದೆ ನಮ್ಮ ಮೇಲ್ಮನೆಯಲ್ಲಿದ್ದಾಕೆ ಇಂಥದೇ ದಾರದಲ್ಲಿ ಫೋನನ್ನು ಕಿಟಕಿ ಸರಳಿಗೆ ಕಟ್ಟಿದ್ದಳು.

ಹೊಸೂರಿನಲ್ಲಿ ನನ್ನ ಅಂಗಡಿ ಮೇಲಿನ ಮನೆಗೆ ಬಾಡಿಗೆಗೆ ಬಂದ ಗಂಡ ಹೆಂಡತಿ ಮುಳಬಾಗಿಲು ಕಡೆಯವರು. ಗಂಡ ಸರಕು ಹಡಗಿನಲ್ಲಿ ಅಡುಗೆಯವನು, ಈಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎರಡು ಸಾವಿರದ ಎಂಟರ ಆಗಸ್ಟಿನಲ್ಲಿ ಅವನ ಹಡಗು ಜಾರ್ಜಿಯಾ ಅನ್ನೋ ಪುಟ್ಟ ದೇಶದ ಬಂದರಿನಲ್ಲಿತ್ತು. ರಷ್ಯಾ ಸೈನ್ಯ ಆ ದೇಶಕ್ಕೆ ನುಗ್ಗಿತು. ಅಮೆರಿಕ ತನ್ನ ಯುದ್ಧದ ಹಡಗುಗಳನ್ನು ಆ ಬಂದರಿನ ಸಮುದ್ರಕ್ಕೇ ಕಳಿಸಿತು. ಇಬ್ಬರಲ್ಲಿ ಯಾರು ಒಂದು ಗುಂಡು ಹಾರಿಸಿದರೂ ಲೋಕವೇ ಹೊತ್ತಿಕೊಳ್ಳುತ್ತದೆ ಅಂತ ಟಿ.ವಿ.ಯವರು ಬಾಯಿ ಬಡಿದುಕೊಳ್ಳುತ್ತಿದ್ದರು.

ಆಕೆ ಅಡುಗೆಮನೆಯಲ್ಲಿದ್ದಾಗ ಆತ ಒಮ್ಮೆ ಫೋನು ಮಾಡಿದ್ದ. "ಬಂದರು ಮುಚ್ಚವ್ರೆ, ಹೊರಗ್ ಹೋಗಂಗಿಲ್ಲ..." ಅನ್ನುವಷ್ಟರಲ್ಲಿ ಮಾತು ಕಡಿದುಹೋಯಿತು. ಗಡಿಯೂರಿನ ಸಂಕಟ ಅದು. ಆಕೆಯದು ಕರ್ನಾಟಕದ ಸಿಮ್ಮು, ಅಡುಗೆಮನೆಯಲ್ಲಿ ಹಿಡಿಯುತ್ತಿದ್ದದ್ದು ತಮಿಳುನಾಡಿನ ಟವರ್. ಆಗ ಬಂದ ಕರೆಗೂ ರೋಮಿಂಗ್ ಅಂತ ದುಡ್ಡು ಹೋಗುತ್ತಿತ್ತು, ಅದು ಮುಗಿದರೆ ಮಾತೂ ಮುಗಿಯುತ್ತಿತ್ತು. ಗಡಿಯಾಚೆಯ ಅತ್ತಿಬೆಲೆ ಕಡೆಗಿದ್ದ ಒಂದೇ ಒಂದು ಕಿಟಕಿಯಲ್ಲಿ ಕರ್ನಾಟಕದ ಟವರ್ ಸಿಗುತ್ತಿತ್ತು. ಅವತ್ತೇ ಹೊಲಿಗೆ ಮಿಷನ್ನು ಅಲ್ಲಿಗೆ ಬಂತು. ಹಾಲಿಗೂ ಕೆಳಗಿಳಿಯದೆ ಸರಳಿನ ಸಂದಿಯಿಂದ ಪುಟ್ಟ ವಯರ್ ಬುಟ್ಟಿಯನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದಳು. ನನ್ನ ಹೆಂಡತಿ ಅದರಲ್ಲೇ ಮುದ್ದೆ, ಸಾರು ಇಟ್ಟು ಕಳಿಸುತ್ತಿದ್ದಳು. ಅತ್ತಿಬೆಲೆಗೆ ಹೋಗಿ ಆ ನಂಬರಿಗೆ ರೀಚಾರ್ಜ್ ಮಾಡಿಸುವುದು ನನ್ನ ಕೆಲಸ.

"ತಮಿಳ್ನಾಡು ಸಿಮ್ಮು ತಗೋಮ್ಮ, ಮನೆ ತುಂಬ ಓಡಾಡ್ಕೊಂಡು ಮಾತಾಡ್ಬೋದು," ಅಂದೆ ಕೆಳಗಿನಿಂದ.

"ಅವ್ರಿಗೆ ಬಾಯಿಗ್ ಬರೋದು ಇದೊಂದೇ ನಂಬ್ರು ಕಣಣ್ಣ."

"ಹಂಗಾರೆ ಮುಳಬಾಗ್ಲಿಗೆ ಹೋಗ್ಬುಡು. ಅಲ್ಲಿ ಎಲ್ಲಿ ನಿಂತ್ರೂ ಟವರ್ ಸಿಗ್ತದೆ."

"ಬಸ್ಸಲ್ಲಿರೋವಾಗ ಟವರ್ ಹೋಗಿ, ಆಗ್ಲೇ ಅವ್ರು ಮಾಡ್ಬುಟ್ರೆ?"

ತುಕ್ಕು ಹಿಡಿದ ಕಬ್ಬಿಣಕ್ಕೂ ನಾಲ್ಕು ಮಾತಾಡಿ ಬೆಲೆ ತರುವವನು ನಾನು. ಆ ಕಿಟಕಿಯ ಮುಂದೆ ನನ್ನ ಮಾತು ನಡೆಯಲಿಲ್ಲ. ನಾನು ತೋರಿಸಿದ ಯಾವ ದಾರಿ ಹಿಡಿದರೂ ಮೊದಲು ಕಿಟಕಿ ಬಿಟ್ಟು ಏಳಬೇಕಿತ್ತು, ಆಕೆಗೆ ಆಗದಿದ್ದದ್ದು ಅದೊಂದೇ...

ಎದುರಿನ ಟೀ ಅಂಗಡಿಯವನು ಒಂದು ದಿನ ರೇಗಿಸಿದ. "ಏನ್ಲಾ ಗುಜರಿ, ಅಮೆರಿಕ ರಷ್ಯಾ ಹೊಡ್ದಾಡಿದ್ರೆ ನಿಂಗೇ ಸುಗ್ಗಿ ಕಣ್ಲಾ. ಹಡಗ್‌ಗಟ್ಲೆ ಕಬ್ಣ!" ಎಲ್ಲರೂ ನಕ್ಕರು. ಮೇಲೆ ಮಿಷನ್ನಿನ ಸದ್ದು ನಿಂತಿತು. ಅವನು ಗ್ಲಾಸು ತೊಳೆಯುತ್ತ ತಲೆ ಬಗ್ಗಿಸಿದ. ಆಮೇಲೆ ಅವನೇ ಬುಟ್ಟಿಗೆ ಟೀ ಇಟ್ಟು, ಮೇಲಿನವಳಿಗೆ ತಿಳಿಯಲೆಂದು ಹಗ್ಗ ಜಗ್ಗಿದ. ಬುಟ್ಟಿ ಬಹಳ ಹೊತ್ತು ಮೇಲೇರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಮಿಷನ್ನು ಮತ್ತೆ ತಟ್ಟನೆ ನಿಂತಿತು. "ಹೊರಗ್ ಬಂದ್ರಾ? ಟರ್ಕಿನಾ? ಊಟ ಮಾಡಿದ್ರಾ?" ಊರಿಗೆಲ್ಲ ಕೇಳುವ ದನಿ. ದಾರದ ಗಂಟು ಬಿಗಿದುಹೋಗಿತ್ತಂತೆ, ಬಿಚ್ಚಲಾಗದೆ ಕತ್ತರಿಯಲ್ಲಿ ಕತ್ತರಿಸಿಕೊಂಡು ಕೆಳಗಿಳಿದು ಬಂದಳು. ಬೀದಿಯಲ್ಲಿ ನಿಂತು ಎತ್ತ ಹೋಗಬೇಕೆಂದೇ ತಿಳಿಯದವಳಂತೆ ಅತ್ತಿತ್ತ ನೋಡಿದಳು.

ಗಂಡ ಬಂದ ಮೇಲೆ ಮತ್ತೆ ಹಡಗು ಹತ್ತಲಿಲ್ಲ. ಮುಳಬಾಗಿಲಿನಲ್ಲಿ ಹೋಟೆಲು ಇಡುತ್ತೇವೆಂದು ಮನೆ ಖಾಲಿ ಮಾಡಿದರು. ಎಂಥ ಜಾಗದಲ್ಲಿ ಇಡಬೇಕು ಅಂತ ನಾನು ಬೇಕಾದಷ್ಟು ಹೇಳಿ ಕಳಿಸಿದೆ. ಕೇಳಿದರೋ ಇಲ್ಲವೋ...

ಹೋದ ವರ್ಷ ಆ ನಂಬರಿನಿಂದ ಕರೆ ಬಂತು. ಮೇಲ್ಮನೆಯಾಕೆಯೇ ಅಂದುಕೊಂಡು, "ಏನಮ್ಮಾ, ಟವರ್ ಸಿಕ್ತಾ?" ಅಂದೆ. ಆ ಕಡೆ ಆಕೆಯ ಗಂಡನ ದನಿ. "ಅವ್ಳು ತೀರ್ಕೊಂಡ್ಬುಟ್ಲು ಕಣಣ್ಣ. ನಂಬ್ರು ಮಾತ್ರ ನಿಲ್ಸಕ್ಕೆ ಮನಸ್ಸು ಬತ್ತಿಲ್ಲ." ಎಲ್ಲದಕ್ಕೂ ಹತ್ತು ಸಲಹೆ ಇಟ್ಟುಕೊಂಡಿರುವ ನಾನು ಅವತ್ತು ಕೊಟ್ಟದ್ದು ಒಂದೇ. "ನಿಲ್ಲಿಸ್ಬ್ಯಾಡಪ್ಪ," ಅಂದೆ.

ಈಗ ಯಾವ ಟವರ್ ಹಿಡಿದರೂ ದುಡ್ಡು ಹೋಗದೆ ಕರೆ ಬರುತ್ತದೆ. ಟಿ.ವಿ.ಯಲ್ಲಿ ಮಾತ್ರ ದೊಡ್ಡ ದೇಶಗಳ ಹಡಗುಗಳು ಇವತ್ತಿಗೂ ಎದುರುಬದುರು ನಿಂತಿವೆ. ಮೂಟೆಯ ಫೋನನ್ನು ಗುಜರಿಗೆ ಹಾಕಿ, ಚೀಲವನ್ನು ಎತ್ತಿಟ್ಟುಕೊಂಡೆ. ಮೇಲಿನ ಕಿಟಕಿಯ ಸರಳಿನಲ್ಲಿ ಕತ್ತರಿಸಿದ ಗಂಟು ಹಾಗೇ ಇದೆ, ಬಣ್ಣ ಹೊಡೆಯುವವನು ಅದರ ಮೇಲೂ ಬಣ್ಣ ಬಳಿದುಬಿಟ್ಟಿದ್ದಾನೆ.