ಹಾಲಪ್ಪಜ್ಜನ ಎರಡು ಸಾಲು

ಹಾಲಪ್ಪಜ್ಜ, ನಮ್ಮ ವಿಶ್ವವಿದ್ಯಾಲಯದ ವಿಜ್ಞಾನ ಪತ್ರಿಕೆಯಲ್ಲಿ ನಿಮ್ಮ ಹೆಸರು ಇರಲಿಲ್ಲ. ಇದೆ ಎಂದು ನಿಮ್ಮೆದುರು ಕೂತು ಓದಿ ಹೇಳಿದವಳು ನಾನು — ಒಂದು ಸಲವಲ್ಲ, ಆರು ವರ್ಷ.

ನೀವು ಬುಕ್ಕಾಂಬುಧಿ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ನೀರು ಬಿಡುವುದಷ್ಟೇ ನಿಮ್ಮ ಕೆಲಸ. ಆದರೆ ದಿನಾ ಬೆಳಿಗ್ಗೆ ನೀರು ಎಷ್ಟನೇ ಮೆಟ್ಟಿಲಲ್ಲಿದೆ, ಚಳಿಗಾಲದ ಬಾತುಗಳು ಯಾವತ್ತು ಬಂದವು ಎಂದು ಯಾರೂ ಹೇಳದೆಯೇ ಬರೆದಿಡುತ್ತಿದ್ದಿರಿ. ಪತ್ರಿಕೆಗೆ ಬರೆಯುವ, ಬೇರೆಯವರ ಬರಹ ತಿದ್ದುವ ಕೆಲಸದಲ್ಲಿದ್ದ ನಾನು ಆ ನೋಟ್‌ಬುಕ್ಕುಗಳನ್ನು ಕೇಳಿ ಪಡೆದೆ. ನೀರು ಎಲ್ಲಿಗೆ ಇಳಿದರೆ ಹಕ್ಕಿ ಬರುತ್ತದೆ ಎಂಬ ನನ್ನ ಲೇಖನ ನಿಂತದ್ದೇ ಅವುಗಳ ಮೇಲೆ. ಆಮೇಲೆ ಸಂಪಾದಕಿಯ ಕುರ್ಚಿಯೂ ಅದರಿಂದಲೇ ಸಿಕ್ಕಿತು.

ಕೊನೆಯ ಕರಡಚ್ಚು ತಿದ್ದಲು ಬಂದಾಗ ಲೇಖನ ಪುಟಕ್ಕಿಂತ ಎರಡು ಸಾಲು ಹೆಚ್ಚಾಗಿತ್ತು. ಮುಂದಿನ ಪುಟದಲ್ಲಿ ಕುಲಪತಿಗಳ ಫೋಟೊ, ಅದನ್ನು ಮುಟ್ಟುವಂತಿಲ್ಲ. ಲೇಖನದ ಕೊನೆಗೆ ನಿಮ್ಮನ್ನು ನೆನೆದ ಎರಡು ಸಾಲಿತ್ತು. ಅದರ ಕೆಳಗೆ ನನ್ನ ಪರಿಚಯ — ಅದೂ ಎರಡೇ ಸಾಲು. ಇಂಥದ್ದನ್ನೇ ತೆಗೆ ಎಂದು ಯಾರೂ ಹೇಳಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು.

ಪ್ರತಿ ಕೊಡಲು ಕಡೂರಿನಲ್ಲಿ ಬಸ್ಸು ಹಿಡಿದು ಬಂದೆ. ನಿಮ್ಮ ಕಣ್ಣಿಗೆ ಆಗಲೇ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಟವೆಲ್ಲಿಗೆ ಕೈ ಒರೆಸಿಕೊಂಡು ಪುಟ ಮುಟ್ಟಿದಿರಿ.

"ನನ್ ಹೆಸ್ರು ಇರೋ ಕಡೆ ಓದವ್ವ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ — ಬಂದದ್ದು ಹೊಡೆದುಹಾಕಿದ್ದ ಸಾಲು. 'ಬುಕ್ಕಾಂಬುಧಿಯ ಹಾಲಪ್ಪನವರ ಅಮೂಲ್ಯ ನೋಟ್‌ಬುಕ್ಕುಗಳೇ ಈ ಲೇಖನಕ್ಕೆ ಆಧಾರ.' ಅಮೂಲ್ಯ ಎಂಬುದು ಮೊದಲು ಇರಲಿಲ್ಲ. ತಿದ್ದುವುದೇ ನನ್ನ ಕೆಲಸವಲ್ಲವೇ, ಸುಳ್ಳನ್ನೂ ತಿದ್ದಿ ಚೆಂದ ಮಾಡಿದೆ.

ಆಮೇಲೆ ಬಿಡಿಸಿಕೊಳ್ಳಲಾಗಲಿಲ್ಲ. ಅಜ್ಜಂಪುರದ ಅಕ್ಕನ ಮನೆಗೆ ಬಂದಾಗಲೆಲ್ಲ ನಿಮ್ಮಲ್ಲಿಗೂ ಬರಬೇಕು, ನೀವು ಟ್ರಂಕಿನಿಂದ ಪತ್ರಿಕೆ ತೆಗೆಯಬೇಕು, ನಾನು ಓದಬೇಕು. ಮರೆಯಬಾರದೆಂದು ಆ ಸಾಲನ್ನು ಡೈರಿಯಲ್ಲಿ ಬರೆದುಕೊಂಡು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಒಮ್ಮೆ 'ಅಮೂಲ್ಯ' ಬಿಟ್ಟುಹೋದಾಗ ನೀವೇ ನೆನಪಿಸಿದಿರಿ. ಬರುವುದು ತಡವಾದರೆ ಯಾಕೆ ಬರಲಿಲ್ಲವೆಂದು ನಿಮ್ಮ ಫೋನು. ಹೋದರೂ ಕಷ್ಟ, ಹೋಗದಿದ್ದರೂ ಕಷ್ಟ. ನನ್ನ ಸುಳ್ಳಿಗೆ ನಾನೇ ಸಿಕ್ಕಿಬಿದ್ದಿದ್ದೆ.

ಹೋದ ತಿಂಗಳು ತರೀಕೆರೆಯಲ್ಲಿ ನಿಮ್ಮ ಕಣ್ಣಿನ ಪೊರೆ ತೆಗೆದರೆಂದು ಅಕ್ಕ ಹೇಳಿದಳು. ಕಣ್ಣು ಸರಿಹೋಗದಿರಲಿ ಎಂದು ಒಂದು ಕ್ಷಣ — ಹೌದು, ಬಯಸಿದೆ. ಅದನ್ನೂ ಬಚ್ಚಿಡುವುದಿಲ್ಲ.

ಮೊನ್ನೆ ನಿಮ್ಮ ಫೋನು ಬಂತು. ಪತ್ರಿಕೆ ಪೂರ್ತಿ ಓದಿದೆ ಎಂದಿರಿ.

"ಕೊನೇಲಿ ನಿನ್ ಬಗ್ಗೆ ಎರಡು ಸಾಲು ಐತಲ್ಲ, ಚೆನ್ನಾಗೈತೆ ಕಣವ್ವ."

ಅಷ್ಟೇ. ಬಯ್ಯಲಿಲ್ಲ. ಯಾವಾಗ ಬರುತ್ತೀಯ ಎಂದು ನೀವು ಕೇಳದಿದ್ದದ್ದು ಅದೇ ಮೊದಲು.

ಮುಂದಿನ ಸಂಚಿಕೆಗೆ ತಪ್ಪೊಪ್ಪಿಗೆ ಬರೆದಿದ್ದೇನೆ — ಏನು ತೆಗೆದೆ, ಯಾಕೆ ತೆಗೆದೆ, ಎಲ್ಲವನ್ನೂ. ಕುರ್ಚಿ ಹೋದರೆ ಹೋಗಲಿ. ಅಚ್ಚಾದ ಪ್ರತಿಯನ್ನು ನಾನೇ ತರುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿಮಗೆ ಸೇರಿದ್ದು. ತೆರೆದರೆ ಪುಟ ನಿಮ್ಮ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಈ ಸಲ ನೀವೇ ಓದಿ, ಅಜ್ಜ.